ಎರಡು ಮಾತ್ರೆ ಕೂಡಿಸಿ ಕೊಟ್ಟರೆ ಕೊಕೇನ್ ಚಟ ಬಿಡುತ್ತದೆಯೇ?

ಪ್ರಶ್ನೆ: ನಾವು ಬಳ್ಳಾರಿಯವರು. ತಂದೆಯದು ಜೀನ್ಸ್ ಹೊಲಿಯುವ ಸಣ್ಣ ಘಟಕ. ನನ್ನ ತಮ್ಮನಿಗೆ 29 ವರ್ಷ. ಐದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಕಳೆದ ವರ್ಷ ಬಿಟ್ಟು ಮನೆಗೆ ಬಂದ. ಅವನಿಗೆ ಕೊಕೇನ್ ಅಂಟಿಕೊಂಡಿದೆ ಎಂದು ನಮಗೆ ಗೊತ್ತಾದದ್ದು ಈ ಯುಗಾದಿಗೆ. ದಿನಾಲೂ ತೆಗೆದುಕೊಳ್ಳುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಏನಾದರೂ ನೆಪ ಹೇಳಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಮೂರು ದಿನ ಬಿಟ್ಟು ಬಂದವನು ಎರಡು ದಿನ ಏಳದೆ ಮಲಗುತ್ತಾನೆ. ಊರಿನಲ್ಲಿದ್ದಾಗ ಪ್ರತಿ ರಾತ್ರಿ ಕುಡಿತ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಅಲ್ಲಿ ಎರಡು ಔಷಧ ಕೂಡಿಸಿ ಕೊಟ್ಟು ಈ ಚಟ ಬಿಡಿಸುವ ಪರೀಕ್ಷೆ ನಡೆದಿದೆ ಎಂದ. ಪರಿಚಯದ ಔಷಧ ಅಂಗಡಿಯವರನ್ನು ಕೇಳಿದಾಗ ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್ ಎಂಬ ಎರಡು ಮಾತ್ರೆ ಕೊಟ್ಟರು. ಮೊದಲನೆಯದನ್ನು ಅವ್ವ ಒಂದು ವಾರದಿಂದ ಪುಡಿ ಮಾಡಿ, ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುತ್ತಿದ್ದಾಳೆ. ಮೊನ್ನೆ ರಾತ್ರಿ ಕುಡಿದು ಬಂದವನ ಮುಖ ಕೆಂಪೇರಿತು, ಎದೆ ಬಡಿದುಕೊಂಡಿತು, ವಾಂತಿಯಾಯಿತು. ಔಷಧ ಹತ್ತಿದೆ ಎಂದು ಅವ್ವನಿಗೆ ಧೈರ್ಯ ಬಂದಿದೆ. ಎರಡನೆಯದನ್ನೂ ಶುರು ಮಾಡೋಣವೇ? ಅಂಥ ಪರೀಕ್ಷೆಗೆ ಅವನನ್ನು ಸೇರಿಸಲು ಸಾಧ್ಯವೇ? ಒಂದು ಚಟ ಬಿಡಿಸಲು ಹೋಗಿ ಮಾತ್ರೆಯ ಚಟ ಹತ್ತುವುದಿಲ್ಲವೇ? ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ತಂದೆ ಹೆದರಿದ್ದಾರೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಸೋದರಮಾವನ ಒತ್ತಾಯ. ದಯವಿಟ್ಟು ದಾರಿ ಹೇಳಿ. ಹೆಸರು ಬೇಡ.

ಉತ್ತರ: ತಾಯಿ, ನೀವು ಕೇಳಿದ ಪ್ರಶ್ನೆಗಳಿಗೆ ಬರುವ ಮೊದಲು, ನೀವು ಕೇಳದೆ ಬಿಟ್ಟ ಒಂದು ವಿಷಯ ಹೇಳಲೇಬೇಕು. ಸಾರಿನಲ್ಲಿ ಪುಡಿ ಬೆರೆಸುವುದು ಈ ರಾತ್ರಿಯಿಂದಲೇ ನಿಲ್ಲಬೇಕು. ಅಷ್ಟೇ ಸಾಲದು, ಬೆರೆಸಿದ್ದನ್ನು ನಿಮ್ಮ ತಮ್ಮನಿಗೆ ಈ ದಿನವೇ ಹೇಳಬೇಕು.

ಮೊನ್ನೆ ರಾತ್ರಿ ನೀವು ಕಂಡದ್ದು ಔಷಧದ ಗುಣವಲ್ಲ, ವಿಷದ ಲಕ್ಷಣ. ಕುಡಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಅದನ್ನೂ ಒಡೆದು ಹೊರಗೆ ಹಾಕುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಈ ಎರಡನೆಯ ಹಂತವನ್ನು ತಡೆಯುತ್ತದೆ. ವಿಷ ದೇಹದಲ್ಲಿಯೇ ನಿಲ್ಲುತ್ತದೆ. ಮುಖ ಕೆಂಪಾಗುವುದು, ವಾಂತಿ, ಎದೆಬಡಿತ ಎಲ್ಲ ಅದರಿಂದಲೇ. ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಇದನ್ನು ಕೊಡುವ ಸರಿಯಾದ ಕ್ರಮದಲ್ಲಿ ರೋಗಿಗೆ ಎಲ್ಲವನ್ನೂ ತಿಳಿಸಿ, ಯಕೃತ್ತಿನ ಮತ್ತು ಹೃದಯದ ಪರೀಕ್ಷೆ ಮಾಡಿಸಿ, ಕೊನೆಯ ಗುಟುಕು ಕುಡಿದು ಕನಿಷ್ಠ 12 ಗಂಟೆಯಾದ ಮೇಲಷ್ಟೇ ಆರಂಭಿಸುತ್ತೇವೆ. ‘ಕುಡಿದರೆ ಹೀಗಾಗುತ್ತದೆ’ ಎಂಬ ಅರಿವು ಅವನನ್ನು ಬಾಟಲಿಯಿಂದ ದೂರ ಇಡಬೇಕು. ಔಷಧದ ಅರ್ಧ ಕೆಲಸ ಆ ಅರಿವಿನದು. ಗೊತ್ತೇ ಇಲ್ಲದವನಿಗೆ ಆ ಅರ್ಧ ಸಿಗುವುದಿಲ್ಲ, ಅಪಾಯ ಮಾತ್ರ ಪೂರ್ತಿಯಾಗಿ ಸಿಗುತ್ತದೆ.

ನಿಲ್ಲಿಸಿದ ಮೇಲೂ ಡೈಸಲ್ಫಿರಾಮಿನ ಪ್ರಭಾವ ಒಂದರಿಂದ ಎರಡು ವಾರ ಉಳಿಯುತ್ತದೆ. ಆದ್ದರಿಂದಲೇ ಅವನಿಗೆ ಹೇಳಲೇಬೇಕು. ಜೊತೆಗೆ, ಈ ಮಾತ್ರೆ ಮೈಯಲ್ಲಿರುವಾಗ ಕೊಕೇನ್ ಸೇದಿದರೆ ರಕ್ತದಲ್ಲಿ ಕೊಕೇನಿನ ಮಟ್ಟವೂ ಏರುತ್ತದೆ. ಮುಂದಿನ ಸಲ ಅವನು ರೈಲು ಹತ್ತಿ, ಹಳೆಯ ಅಳತೆಯನ್ನೇ ತೆಗೆದುಕೊಂಡು, ಅಲ್ಲಿಯೇ ಕುಡಿದರೆ ಏನಾಗಬಹುದು ಎಂದು ಯೋಚಿಸಿ. ಪಕ್ಕದಲ್ಲಿ ನೀವಿರುವುದಿಲ್ಲ. ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರಿಗೆ ಅವನ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ.

ನಿಮ್ಮ ಅವ್ವನನ್ನು ದೂರಬೇಡಿ. ನನ್ನ ಕೋಣೆಗೆ ಬಂದ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಿದ್ದರು. ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿದ ಬಿಳಿ ಪುಡಿ, ಏಳು ಮಡಿಕೆ, ಏಳು ದಿನಕ್ಕೆ. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಪ್ರೀತಿಯಿಂದ ಮಡಚಿದ್ದರು. ಮಗ ಆಗಲೇ ತುರ್ತು ವಿಭಾಗದಲ್ಲಿ ಮಲಗಿದ್ದ. ಬದುಕಿದ. ಆದರೆ ಆಮೇಲೆ ಆರು ತಿಂಗಳು ಆ ಮನೆಯಲ್ಲಿ ಅವನು ಒಂದು ತುತ್ತು ಉಣ್ಣಲಿಲ್ಲ. ಖಾನಾವಳಿಯಲ್ಲಿ ಉಂಡ. ಗುಟ್ಟಾಗಿ ಬೆರೆಸುವ ಪುಡಿಯ ಬಗ್ಗೆ ನನಗಿರುವ ಭಯ ದೇಹದ ಅಪಾಯಕ್ಕಷ್ಟೇ ಸೀಮಿತವಲ್ಲ. ಚಟದಿಂದ ಹೊರಬರಲು ಮನೆಯ ಊಟದ ಮೇಲಿನ ನಂಬಿಕೆಯೂ ಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ವಿಷಯ ತಿಳಿದು ಹೆದರಿ ಅವನು ಒಮ್ಮೆಲೇ ಕುಡಿತ ನಿಲ್ಲಿಸಬಹುದು. ಪ್ರತಿ ರಾತ್ರಿ ಕುಡಿಯುವವರು ಹಠಾತ್ತಾಗಿ ಬಿಟ್ಟಾಗ ಕೈನಡುಕ, ಫಿಟ್ಸ್, ಎರಡರಿಂದ ನಾಲ್ಕನೆಯ ದಿನದಲ್ಲಿ ಸನ್ನಿ ಹಿಡಿದಂಥ ಸ್ಥಿತಿ ಬರಬಹುದು. ಅದಕ್ಕೆ ಆಸ್ಪತ್ರೆಯೇ ಬೇಕು. ಕೊಕೇನ್ ಬಿಟ್ಟಾಗ ಹಾಗಾಗುವುದಿಲ್ಲ. ವಿಪರೀತ ನಿದ್ದೆ, ಹಸಿವು, ಬೇಸರ ಬರುತ್ತವೆ. ನೀವು ಹೇಳಿದ ಆ ಎರಡು ದಿನದ ನಿದ್ದೆ ಅದೇ. ಆದರೆ ಆ ಬೇಸರದಲ್ಲಿ ಸಾಯುವ ಯೋಚನೆ ಬರುವವರಿದ್ದಾರೆ. ಮಲಗಿದ್ದಾನೆ, ಪೀಡೆ ಹೋಯಿತು ಎಂದು ಕೋಣೆಯ ಬಾಗಿಲು ಮುಚ್ಚಿ ಬಿಡಬೇಡಿ. ಆಗಾಗ ಹೋಗಿ ಮಾತನಾಡಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೊಕೇನ್ ಚಟಕ್ಕೆಂದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂದಿಗೂ ಒಂದು ಔಷಧವನ್ನೂ ಒಪ್ಪಿಲ್ಲ. ನಮ್ಮ ದೇಶದಲ್ಲೂ ಇಲ್ಲ. ಹೆರಾಯಿನ್ ಚಟಕ್ಕೆ ಔಷಧವಿದೆ, ಮದ್ಯಕ್ಕೆ ಇದೆ, ತಂಬಾಕಿಗೂ ಇದೆ. ಕೊಕೇನಿಗೆ ಏಕಿಲ್ಲ ಎಂಬುದು ತಿಳಿದರೆ, ಎರಡೆರಡು ಔಷಧ ಕೂಡಿಸುವ ಯೋಚನೆ ಏಕೆ ಬಂತು ಎಂಬುದೂ ತಿಳಿಯುತ್ತದೆ.

ತುಂಗಭದ್ರಾ ಅಚ್ಚುಕಟ್ಟಿನ ಗದ್ದೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯಿಂದ ಗದ್ದೆಗೆ ನೀರು ಬರಬೇಕು, ಹೆಚ್ಚಾದದ್ದು ಬಸಿಗಾಲುವೆಯಲ್ಲಿ ಹರಿದು ಹೋಗಬೇಕು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಲೆಕ್ಕವೂ ಹೀಗೆಯೇ. ಬಿಸಿ ರೊಟ್ಟಿ ಉಂಡಾಗ, ಮಗು ನಕ್ಕಾಗ, ಮಾಡಿದ ಕೆಲಸಕ್ಕೆ ಯಾರೋ ಭೇಷ್ ಎಂದಾಗ ಅದು ಸ್ವಲ್ಪ ಹರಿಯುತ್ತದೆ. ಕೆಲಸ ಮುಗಿದ ಕೂಡಲೇ ನರಕೋಶ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಕೊಕೇನ್ ಮುಖ್ಯವಾಗಿ ಈ ಬಸಿಗಾಲುವೆಗೆ ಅಡ್ಡ ಕಟ್ಟೆ ಹಾಕುತ್ತದೆ. ಡೋಪಮೈನ್ ತುಂಬಿ ನಿಲ್ಲುತ್ತದೆ, ಕೆಲವು ನಿಮಿಷ ಮನಸ್ಸು ಉಬ್ಬಿ ಹೋಗುತ್ತದೆ. ಮತ್ತೆ ಮತ್ತೆ ಹೀಗೆ ನೀರು ನಿಂತ ಹೊಲ ಏನಾಗುತ್ತದೆ ಎಂದು ಸಿರುಗುಪ್ಪ, ಸಿಂಧನೂರು ಕಡೆಯ ರೈತರಿಗೆ ಗೊತ್ತು. ಸವಳು-ಜವಳಾಗುತ್ತದೆ. ಆಮೇಲೆ ಹದವಾಗಿ ನೀರು ಕೊಟ್ಟರೂ ಬೆಳೆ ಏಳುವುದಿಲ್ಲ. ನಿಮ್ಮ ತಮ್ಮ ಹಬ್ಬದ ದಿನವೂ ಮುಖ ಗಂಟಿಕ್ಕಿಕೊಂಡು ಕೂರುತ್ತಾನೆ, ಯಾವುದರಲ್ಲೂ ರುಚಿಯಿಲ್ಲ ಎನ್ನುತ್ತಾನೆ ಎಂದಾದರೆ ಅದು ಸೊಕ್ಕಲ್ಲ, ಸವಳು. ತಿಂಗಳುಗಟ್ಟಲೆ ದೂರವಿದ್ದರೆ ಆ ನೆಲ ನಿಧಾನವಾಗಿ ತಿಳಿಯಾಗುತ್ತದೆ.

ಹೆರಾಯಿನ್‌ನಂಥ ಅಫೀಮಿನ ವರ್ಗದ ವಸ್ತುಗಳು ಮೆದುಳಿನಲ್ಲಿ ತಮಗೆ ಹೊಂದುವ ಬೀಗದೊಳಗೆ ಕೀಲಿಯಂತೆ ಹೋಗಿ ಕೂರುತ್ತವೆ. ಅದೇ ಬೀಗದಲ್ಲಿ ಬ್ಯುಪ್ರೆನಾರ್ಫಿನ್‌ನಂಥ ಸೌಮ್ಯವಾದ ಕೀಲಿಯನ್ನು ಕೂರಿಸಿ ನಾವು ರೋಗಿಯನ್ನು ದಡ ಸೇರಿಸುತ್ತೇವೆ. ಕೊಕೇನಿನ ದಾರಿ ಹಾಗಲ್ಲ. ಅದು ತಡೆಯುವುದು ಬದುಕಿನ ಎಲ್ಲ ಸುಖಕ್ಕೂ ಬೇಕಾದ ಬಸಿಗಾಲುವೆಯನ್ನೇ. ಅಲ್ಲಿ ಕೈಯಿಡುವ ಔಷಧ ಒಂದೋ ತಾನೇ ಕೊಕೇನಿನಂತೆ ವರ್ತಿಸುತ್ತದೆ, ಇಲ್ಲವೇ ಉಳಿದ ಸುಖವನ್ನೂ ಬತ್ತಿಸುತ್ತದೆ. ಅದಕ್ಕಾಗಿಯೇ ಸಂಶೋಧಕರು ಎರಡು ಕಡೆಯಿಂದ ಹಿಡಿಯಲು ನೋಡಿದರು. ಒಂದು ಔಷಧ ಕುಸಿದ ಡೋಪಮೈನನ್ನು ಸ್ವಲ್ಪ ಎತ್ತಿ ಹಿಡಿಯಲಿ, ಇನ್ನೊಂದು ಹಂಬಲವನ್ನು ತಣಿಸಲಿ ಎಂಬ ಲೆಕ್ಕ.

ಆ ಬಗೆಯ ಪ್ರಯೋಗಗಳಲ್ಲಿ ನನಗೆ ಮುಖ್ಯವೆನಿಸುವುದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದ ಕೆಲಸ. ಡೋಪಮೈನ್ ಏರಿಸುವ, ನಿಧಾನವಾಗಿ ಕರಗುವ ಮಿಶ್ರ ಆಂಫೆಟಮೈನ್ ಲವಣದ ಜೊತೆ, ಫಿಟ್ಸ್ ಮತ್ತು ಅರೆತಲೆನೋವಿಗೆ ಕೊಡುವ ಟೋಪಿರಮೇಟ್ ಮಾತ್ರೆಯನ್ನು ಕೂಡಿಸಿದರು. 2012ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 81 ಜನರಿದ್ದರು. ಸತತ ಮೂರು ವಾರ ಕೊಕೇನ್ ಮುಟ್ಟದೆ ಉಳಿದವರು ಔಷಧದ ಗುಂಪಿನಲ್ಲಿ ಶೇ 33, ಹುಸಿ ಮಾತ್ರೆ, ಅಂದರೆ ಔಷಧವೇ ಇಲ್ಲದ ಮಾತ್ರೆ, ನುಂಗಿದವರಲ್ಲಿ ಶೇ 17. ಆಮೇಲೆ 127 ಜನರ ಮೇಲೆ ಮತ್ತೊಂದು ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಯಿತು. ಈ ಸಲ ಪ್ರಯೋಗದ ಕೊನೆಯ ಮೂರು ವಾರಗಳನ್ನು ನೋಡಿದರು. ಔಷಧದ ಗುಂಪಿನಲ್ಲಿ ಶೇ 14 ಜನ ಮುಟ್ಟಿರಲಿಲ್ಲ, ಹುಸಿ ಮಾತ್ರೆಯ ಗುಂಪಿನಲ್ಲಿ ಹಾಗೆ ಉಳಿದವರು ಒಬ್ಬರೂ ಇಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಮಾತು ನೆನಪಿರಲಿ. ನೂರರಲ್ಲಿ ಹದಿನಾಲ್ಕು ಎಂದರೆ ಸೊನ್ನೆಯಲ್ಲ. ಬರಿಗೈಯಲ್ಲಿ ಕುಳಿತಿರುವ ನನ್ನಂಥ ವೈದ್ಯರಿಗೆ ಅದು ದೊಡ್ಡದು. ಆದರೆ ಉಳಿದ ಎಂಬತ್ತಾರು ಜನರ ಮನೆಯವರಿಗೆ ‘ಔಷಧ ಸಿಕ್ಕಿದೆ’ ಎಂದು ಹೇಳುವ ಧೈರ್ಯ ನನಗಿಲ್ಲ. ಇನ್ನೊಂದು, 2012ರ ಪ್ರಯೋಗದಲ್ಲಿ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲಿ ಆರರಲ್ಲೊಬ್ಬರು ಮೂರು ವಾರ ದೂರವಿದ್ದರು. ಅವರಿಗೆ ಸಿಕ್ಕಿದ್ದೇನು? ತಪ್ಪದ ಭೇಟಿ, ಮತ್ತೆ ಮತ್ತೆ ಮೂತ್ರ ಪರೀಕ್ಷೆ, ಬಯ್ಯದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಪ್ರಯೋಗದ ಮಾತ್ರೆ ಅಮೆರಿಕದಲ್ಲಿರಬಹುದು. ಅದರ ಈ ಭಾಗ ಬಳ್ಳಾರಿಯಲ್ಲೂ ಸಿಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮಿಶ್ರ ಆಂಫೆಟಮೈನ್ ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವುದಿಲ್ಲ. ಯಾರಾದರೂ ತರಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಅದು ಕಾನೂನಿನ ನಿಯಂತ್ರಣದಲ್ಲಿರುವ ವಸ್ತು, ಸ್ವತಃ ಚಟ ಹಿಡಿಸಬಲ್ಲದ್ದು, ರಕ್ತದೊತ್ತಡ ಏರಿಸುವಂಥದ್ದು. ಟೋಪಿರಮೇಟ್ ಸಿಗುತ್ತದೆ. ಸಿಗುತ್ತದೆ ಎಂದೇ ಎಚ್ಚರಿಸುತ್ತೇನೆ. ಈ ಮಾತ್ರೆ ಬೆವರನ್ನು ಕಡಿಮೆ ಮಾಡಬಹುದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಸಬಹುದು, ಆಡುವ ಮಾತಿಗೆ ಪದ ಸಿಗದಂತೆ ಮಾಡಬಹುದು. ನ್ಯೂಯಾರ್ಕಿನ ಚಳಿಯಲ್ಲಿ ಬೆವರು ಕಡಿಮೆಯಾದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ, ತಗಡಿನ ಮಾಡಿನ ಕೆಳಗೆ, ಇಸ್ತ್ರಿಯ ಹಬೆ ಏಳುವ ಜೀನ್ಸ್ ಘಟಕದಲ್ಲಿ ಬೆವರದ ಮೈ ಕಾದ ಹಂಚಾಗುತ್ತದೆ. ಬೇಸಿಗೆಯಲ್ಲಿ ಈ ಔಷಧ ಬರೆಯುವಾಗ ನಾನು ರೋಗಿ ಎಲ್ಲಿ ನಿಂತು ಕೆಲಸ ಮಾಡುತ್ತಾನೆ, ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ ಎಂದು ಕೇಳದೆ ಚೀಟಿಗೆ ಸಹಿ ಹಾಕುವುದಿಲ್ಲ.

ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಬಹುಶಃ ಇದಲ್ಲ, ಹೆಚ್ಚು ಸುದ್ದಿಯಾದ ಇನ್ನೊಂದು ಪ್ರಯೋಗವಿರಬಹುದು. 2021ರ ಜನವರಿಯಲ್ಲಿ ಪ್ರಕಟವಾದದ್ದು. ಅದರಲ್ಲಿ 403 ಜನರಿದ್ದರು. ಔಷಧದ ಗುಂಪಿಗೆ ಮೂರು ವಾರಕ್ಕೊಮ್ಮೆ ನಾಲ್ಟ್ರೆಕ್ಸೋನ್ ಚುಚ್ಚುಮದ್ದು, ದಿನಾಲೂ ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ಮಾತ್ರೆ. ಉಪಯೋಗವಾದದ್ದು ಶೇ 13.6 ಜನರಿಗೆ, ಹುಸಿ ಔಷಧದ ಗುಂಪಿನಲ್ಲಿ ಶೇ 2.5. ಆದರೆ ಅದು ಮೆಥಾಂಫೆಟಮೈನ್ ಚಟಕ್ಕೆ ಮಾಡಿದ ಪ್ರಯೋಗ, ಕೊಕೇನಿಗಲ್ಲ. ಎರಡೂ ಹುರುಪೇರಿಸುವ ಮಾದಕಗಳೇ ಆದರೂ ಮೆದುಳಿನಲ್ಲಿ ಕೆಲಸ ಮಾಡುವ ರೀತಿ ಬೇರೆ. ಬ್ಯುಪ್ರೊಪಿಯಾನ್‌ಗೆ ಫಿಟ್ಸ್ ತರುವ ಗುಣವಿದೆ. ಕುಡಿತ ಹಠಾತ್ತಾಗಿ ಬಿಟ್ಟವರಿಗೂ ಫಿಟ್ಸ್ ಬರುತ್ತದೆ. ನಿಮ್ಮ ತಮ್ಮನ ಈಗಿನ ಸ್ಥಿತಿಯಲ್ಲಿ ನಾನು ಅದನ್ನು ಮುಟ್ಟುವುದಿಲ್ಲ.

ಕೊಕೇನಿಗೆಂದೇ ನಡೆದ ಮತ್ತೊಂದು ದೊಡ್ಡ ಪ್ರಯೋಗದಲ್ಲಿ 302 ಜನರಿಗೆ ನಾಲ್ಟ್ರೆಕ್ಸೋನ್ ಚುಚ್ಚುಮದ್ದಿನ ಜೊತೆ ಬ್ಯುಪ್ರೆನಾರ್ಫಿನ್ ಇಲ್ಲವೇ ಹುಸಿ ಮಾತ್ರೆ ಕೊಟ್ಟರು. 2016ರಲ್ಲಿ ಫಲಿತಾಂಶ ಬಂತು. ಮುಖ್ಯ ಲೆಕ್ಕದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬ್ಯುಪ್ರೆನಾರ್ಫಿನ್ ಹೆಚ್ಚು ಪ್ರಮಾಣದಲ್ಲಿ ಪಡೆದವರ ಮೂತ್ರ ಪರೀಕ್ಷೆಗಳಲ್ಲಿ ಮಾತ್ರ ಒಂದಿಷ್ಟು ಆಸೆ ಕಂಡಿತು. ಅದರ ಮೇಲೆ ಚಿಕಿತ್ಸೆ ಕಟ್ಟಲಾಗದು.

ಇನ್ನು ನಿಮ್ಮ ಕೈಯಲ್ಲಿರುವ ಜೋಡಿ. ಔಷಧ ಅಂಗಡಿಯವರು ಆ ಎರಡು ಹೆಸರುಗಳನ್ನು ಎಲ್ಲಿ ಕೇಳಿದರೋ, ಆದರೆ ಅವು ಗಾಳಿಯಲ್ಲಿ ಹುಟ್ಟಿದ ಹೆಸರುಗಳಲ್ಲ. ಕೊಕೇನ್ ಮತ್ತು ಮದ್ಯ ಎರಡರ ಚಟವೂ ಇದ್ದ 208 ಜನರ ಮೇಲೆ ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್, ಎರಡೂ ಕೂಡಿದ್ದು, ಹುಸಿ ಮಾತ್ರೆ ಎಂದು ನಾಲ್ಕು ಗುಂಪು ಮಾಡಿ ಪರೀಕ್ಷಿಸಿದ್ದರು. 2008ರಲ್ಲಿ ಪ್ರಕಟವಾಯಿತು. ಸತತ ಮೂರು ವಾರ ಎರಡನ್ನೂ ಮುಟ್ಟದೆ ಉಳಿದವರು ಎರಡೂ ಔಷಧ ಪಡೆದ ಗುಂಪಿನಲ್ಲಿ ಹೆಚ್ಚಿದ್ದರು. ನಿಮ್ಮ ತಮ್ಮನಂಥವರಿಗೇ ಹೊಂದುವ ಪ್ರಯೋಗ ಅದು. ಆದರೆ ಅಲ್ಲಿ ಒಬ್ಬೊಬ್ಬರೂ ತಾವಾಗಿ ಬಂದವರು, ಕಾಗದ ಓದಿ ಸಹಿ ಮಾಡಿದವರು, ಏನು ನುಂಗಬಹುದು ಎಂದು ಬಲ್ಲವರು. ಸಾರಿನಲ್ಲಿ ಕರಗಿದ ಪುಡಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯ ಮಾತ್ರೆಯಾದ ನಾಲ್ಟ್ರೆಕ್ಸೋನನ್ನು ಈಗ ನೀವಾಗಿ ಶುರು ಮಾಡಬೇಡಿ. ಕೊಕೇನಿನ ಇಳಿತವನ್ನು ತಡೆದುಕೊಳ್ಳಲು ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವ ಹುಡುಗರನ್ನು ನಾನು ನೋಡಿದ್ದೇನೆ. ಅವು ಮೈಯಲ್ಲಿರುವಾಗ ನಾಲ್ಟ್ರೆಕ್ಸೋನ್ ಹೊಟ್ಟೆಗೆ ಹೋದರೆ ಒಂದು ಗಂಟೆಯೊಳಗೆ ಮೈ ಮುರಿತ, ಭೇದಿ, ವಾಂತಿ ಶುರುವಾಗಿ ಮನುಷ್ಯ ನೆಲಕ್ಕೆ ಬೀಳುತ್ತಾನೆ. ಅಂಥ ಮಾತ್ರೆಗಳಿಂದ ಏಳರಿಂದ ಹತ್ತು ದಿನ ದೂರವಿದ್ದ ಮೇಲೆಯೇ ಇದನ್ನು ಕೊಡಬೇಕು. ಯಕೃತ್ತಿನ ಪರೀಕ್ಷೆ ಆಗಿರಬೇಕು. ಇವೆಲ್ಲ ಸರಿಯಿದ್ದರೆ ಕುಡಿತ ತಗ್ಗಿಸಲು ಅದು ಒಳ್ಳೆಯ ಔಷಧ. ನಾನು ವರ್ಷಗಳಿಂದ ಬರೆಯುತ್ತಿದ್ದೇನೆ.

ನಿಮ್ಮ ತಮ್ಮನ ವಿಷಯದಲ್ಲಿ ನಾನು ಮೊದಲು ಹಿಡಿಯುವುದು ಕುಡಿತವನ್ನೇ. ಕಾರಣ ಕೇಳಿ. ಕೊಕೇನ್ ಮತ್ತು ಮದ್ಯ ಒಟ್ಟಿಗೆ ದೇಹ ಸೇರಿದಾಗ ಯಕೃತ್ತು ಅವೆರಡರಿಂದ ಕೊಕಾಎಥಿಲೀನ್ ಎಂಬ ಮೂರನೆಯ ವಸ್ತುವನ್ನು ತಯಾರಿಸುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ಉಳಿದು ಹೃದಯಕ್ಕೆ ಹೆಚ್ಚು ಹಾನಿ ಮಾಡುತ್ತದೆ. ಕೊಕೇನ್ ಒಂದೇ ತೆಗೆದುಕೊಂಡರೂ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು 24 ಪಟ್ಟು ಏರುತ್ತದೆ ಎಂದು 1999ರ ಅಧ್ಯಯನವೊಂದು ತೋರಿಸಿದೆ. 29ರ ಹುಡುಗನಿಗೆ ಎಂಥ ಹೃದಯಾಘಾತ ಎನ್ನಬೇಡಿ. ಎದೆನೋವು ಎಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಕೊಕೇನಿನ ವಿಷಯವನ್ನು ಅಲ್ಲಿನ ವೈದ್ಯರಿಗೆ ಬಾಯಿ ಬಿಟ್ಟು ಹೇಳಿ. ಎದೆಬಡಿತ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಆಗ ಎಚ್ಚರದಿಂದ ಬಳಸಬೇಕಾಗುತ್ತದೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ವೈದ್ಯರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ಕುಡಿತಕ್ಕೂ ಕೊಕೇನಿಗೂ ಇನ್ನೊಂದು ನಂಟಿದೆ. ಬಹಳ ಜನ ಎರಡನೆಯ ಗ್ಲಾಸಿನ ಮೇಲೆಯೇ ಫೋನ್ ಎತ್ತಿಕೊಂಡು ಹಳೆಯ ಸಂಖ್ಯೆಗೆ ಕರೆ ಮಾಡುತ್ತಾರೆ. ಗ್ಲಾಸು ಬಿಟ್ಟರೆ ಕರೆಯೂ ಕಡಿಮೆಯಾಗುತ್ತದೆ.

ಒಂದು ಚಟ ಬಿಡಿಸಲು ಇನ್ನೊಂದು ಹತ್ತುವುದಿಲ್ಲವೇ ಎಂಬ ನಿಮ್ಮ ಭಯಕ್ಕೆ ಇತಿಹಾಸದ ಆಧಾರವಿದೆ. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಸಿಗ್ಮಂಡ್ ಫ್ರಾಯ್ಡ್, ಮಾರ್ಫೀನ್ ಚಟಕ್ಕೆ ಬಿದ್ದಿದ್ದ ತನ್ನ ಗೆಳೆಯ ಅರ್ನ್ಸ್ಟ್ ಫಾನ್ ಫ್ಲೈಷ್ಲ್-ಮಾರ್ಕ್ಸೊಗೆ ಕೊಕೇನನ್ನೇ ಔಷಧವಾಗಿ ಕೊಟ್ಟ. ಗೆಳೆಯ ಎರಡರ ದಾಸನಾದ, 1891ರಲ್ಲಿ ತೀರಿಕೊಂಡ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು ಅದು. ಹುಸಿ ಮಾತ್ರೆಯ ಗುಂಪು ಇಟ್ಟುಕೊಂಡು, ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಯಾವುದೆಂದು ತಿಳಿಯದಂತೆ ಪರೀಕ್ಷಿಸುವ ಕಟ್ಟುನಿಟ್ಟು ಇಂದು ಬಂದಿರುವುದು ಇಂಥ ಒಳ್ಳೆಯ ಮನಸ್ಸಿನ ತಪ್ಪುಗಳಿಂದಲೇ. ನಾನು ಹೆಸರಿಸಿದವುಗಳಲ್ಲಿ ಆಂಫೆಟಮೈನ್ ಮತ್ತು ಬ್ಯುಪ್ರೆನಾರ್ಫಿನ್ ಅಭ್ಯಾಸವಾಗಬಲ್ಲವು, ನಿಗಾ ಬೇಕು. ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್, ಟೋಪಿರಮೇಟ್ ಚಟ ಹಿಡಿಸುವುದಿಲ್ಲ.

ಪ್ರಯೋಗಕ್ಕೆ ಸೇರಿಸುವ ಮಾತು. ಭಾರತದಲ್ಲಿ ನಡೆಯುವ ಪ್ರತಿ ಔಷಧ ಪ್ರಯೋಗವೂ 2009ರ ಜೂನ್‌ನಿಂದ ಸರ್ಕಾರದ ದಾಖಲಾತಿಯಲ್ಲಿ ನೋಂದಣಿಯಾಗಲೇಬೇಕು. ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ನೋಡಬಹುದು. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಇರಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರ ಇರಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವ ಹಂತದಲ್ಲಾದರೂ ಬಿಟ್ಟು ಬರುವ ಹಕ್ಕು ರೋಗಿಗಿದೆ. ‘ಹೊಸ ವಿದೇಶಿ ಔಷಧದ ಪ್ರಯೋಗ, ಇಷ್ಟು ಲಕ್ಷ ಕಟ್ಟಿ’ ಎಂದು ಯಾವುದಾದರೂ ಕೇಂದ್ರದವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಪ್ಪಿಗೆ ಕೊಡಬೇಕಾದವನು ನಿಮ್ಮ ತಮ್ಮ. ನೀವಾಗಲಿ ನಿಮ್ಮ ತಂದೆಯಾಗಲಿ ಅವನ ಪರವಾಗಿ ಸಹಿ ಮಾಡಿ ಸೇರಿಸಲು ಬರುವುದಿಲ್ಲ.

ಹಾಗಾದರೆ ಇಲ್ಲಿ ಏನಿದೆ? ಕೊಕೇನ್ ಚಟಕ್ಕೆ ಇದುವರೆಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಮಾತ್ರೆಗಲ್ಲ, ಒಂದು ಸರಳ ಕ್ರಮಕ್ಕೆ. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಕಾಣದಿದ್ದ ಪ್ರತಿ ಸಲವೂ ಆ ಕೂಡಲೇ ಒಂದು ಸಣ್ಣ ಬಹುಮಾನ, ಕಂಡರೆ ಬೈಗುಳವಿಲ್ಲ, ಬಹುಮಾನವಿಲ್ಲ, ಅಷ್ಟೇ. ಕೇಳಿದಾಗ ಮಕ್ಕಳಾಟ ಎನಿಸುತ್ತದೆ. ಆದರೆ ಸವಳಾದ ನೆಲಕ್ಕೆ ಕೈಗೆ ಸಿಗುವ ಸಣ್ಣ ಸುಖವನ್ನು ಮತ್ತೆ ರೂಢಿ ಮಾಡಿಸುವ ಕೆಲಸ ಇದು. ಕೊಕೇನಿನ ಗುರುತು ಮೂತ್ರದಲ್ಲಿ ಎರಡರಿಂದ ನಾಲ್ಕು ದಿನ ಇರುವುದರಿಂದ ವಾರಕ್ಕೆ ಎರಡು ಸಲವಾದರೂ ನೋಡಬೇಕು. ನನ್ನ ಒಬ್ಬ ರೋಗಿಯ ತಂದೆ, ಮಗನ ಜೊತೆ ಕೂತು ಮಾತನಾಡಿ, ಅವನ ಹಳೆಯ ಬೈಕಿನ ರಿಪೇರಿಯನ್ನೇ ಬಹುಮಾನ ಮಾಡಿಕೊಂಡರು. ಒಂದು ಪರೀಕ್ಷೆಗೆ ಒಂದು ಬಿಡಿಭಾಗ. ಚೈನು, ಕ್ಲಚ್ ವೈರು, ಕೊನೆಗೆ ಸೀಟು. ಹಣ ಕೈಗೆ ಕೊಡಲಿಲ್ಲ, ಅದು ಜಾಣತನ. ಮನೆಯವರೇ ಪೊಲೀಸರಂತೆ ನಿಂತು ಪರೀಕ್ಷೆ ಮಾಡಿದರೆ ಜಗಳವಾಗುತ್ತದೆ. ಪರೀಕ್ಷೆ ಆಸ್ಪತ್ರೆಯಲ್ಲಾಗಲಿ, ಬಹುಮಾನ ಮನೆಯಲ್ಲಾಗಲಿ.

ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಅಲ್ಲಿ ನಾವು ಹುಡುಕುವುದು ಹಂಬಲವನ್ನು ಎಬ್ಬಿಸುವ ಗುರುತುಗಳನ್ನು. ಒಬ್ಬನಿಗೆ ಸುರುಳಿ ಸುತ್ತಿದ ನೋಟು ಕಂಡರೆ ಸಾಕು, ಬಾಯಿ ಒಣಗುತ್ತಿತ್ತು. ನಿಮ್ಮ ತಮ್ಮನಿಗೆ ಅದು ರೈಲಿನ ಟಿಕೆಟ್ ಇರಬಹುದು, ಕೈಗೆ ಹಣ ಬರುವ ದಿನವಿರಬಹುದು, ಒಬ್ಬ ಗೆಳೆಯನ ಸಂದೇಶವಿರಬಹುದು. ಅವುಗಳನ್ನು ಅವನೇ ಬರೆದು ತರಬೇಕು. ಮೊದಲ ಮೂರು ತಿಂಗಳು ಬೆಂಗಳೂರಿಗೆ ಒಬ್ಬನೇ ಹೋಗದಿರುವುದು, ಆ ಸಂಖ್ಯೆಗಳನ್ನು ಅಳಿಸುವುದು, ಘಟಕದ ಹಣ ಅವನ ಕೈಗೆ ನೇರವಾಗಿ ಬಾರದಂತೆ ಏರ್ಪಾಡು ಮಾಡುವುದು ಎಲ್ಲವೂ ಅವನ ಒಪ್ಪಿಗೆಯಿಂದಲೇ ಆಗಬೇಕು. ಮಧ್ಯೆ ಒಮ್ಮೆ ಜಾರುತ್ತಾನೆ. ಬಹುತೇಕ ಎಲ್ಲರೂ ಜಾರುತ್ತಾರೆ. ಎಲ್ಲ ವ್ಯರ್ಥವಾಯಿತು ಎಂದು ಆ ದಿನ ಚಿಕಿತ್ಸೆ ಬಿಡಿಸಬೇಡಿ.

ತಂದೆಯ ಭಯಕ್ಕೆ ಉತ್ತರ. 1985ರ ಮಾದಕ ವಸ್ತುಗಳ ಕಾಯ್ದೆಯ 64-ಎ ಕಲಮು ಓದಿಸಿ. ತಾವಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಅಪರಾಧದಲ್ಲಿ, ಸಣ್ಣ ಪ್ರಮಾಣ ಇಟ್ಟುಕೊಂಡ ಅಪರಾಧದಲ್ಲಿ ಮೊಕದ್ದಮೆಯಿಂದ ವಿನಾಯಿತಿ ಇದೆ. ಕೊಕೇನಿಗೆ ಸಣ್ಣ ಪ್ರಮಾಣ ಎಂದರೆ ಎರಡು ಗ್ರಾಂ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ವಿನಾಯಿತಿ ಹೋಗಬಹುದು. ಮಾರಾಟ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ. ರೋಗಿಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಮ್ಮ ಮೇಲಿನ ಹೊಣೆ.

ಮದುವೆಯ ಮಾತು ಬೇಡ. ಬೇರೆ ಮನೆಯ ಹೆಣ್ಣುಮಗಳು ಔಷಧವಲ್ಲ. ಸೋದರಮಾವನಿಗೆ ನನ್ನ ಹೆಸರಿನಲ್ಲಿಯೇ ಇದನ್ನು ಹೇಳಿ.

ಇಂದು ಮಾಡಬೇಕಾದದ್ದು ಇಷ್ಟು. ಬೆಳಿಗ್ಗೆ ಅವನು ಕುಡಿಯದೆ ಇರುವ ಹೊತ್ತಿನಲ್ಲಿ ನೀವೂ ಅವ್ವನೂ ಅವನೆದುರು ಕೂತು, ಊಟದಲ್ಲಿ ಮಾತ್ರೆ ಬೆರೆಸಿದ್ದನ್ನು ಹೇಳಿ ಕ್ಷಮೆ ಕೇಳಿ. ಸಿಟ್ಟು ಮಾಡುತ್ತಾನೆ. ಮಾಡಲಿ, ಸಿಟ್ಟು ಮಾಡುವ ಹಕ್ಕು ಅವನಿಗಿದೆ. ಎರಡು ವಾರ ಮದ್ಯ ಮುಟ್ಟಬಾರದು ಎಂದು ಹೇಳಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ಊರವರು ಇಂದಿಗೂ ವಿಮ್ಸ್ ಎಂದೇ ಕರೆಯುವ ನಮ್ಮ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದರೆ ಸಾಕು. ಮುಂದೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅವನು ಬರಲು ಒಪ್ಪದಿದ್ದರೆ ನೀವೊಬ್ಬರೇ ಬನ್ನಿ, ಮನೆಯವರನ್ನು ನೋಡುವುದೂ ನಮ್ಮ ಕೆಲಸ. ರಾತ್ರಿ ವೇಳೆ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಆದರೆ ಫಿಟ್ಸ್, ಎದೆನೋವು, ಪ್ರಜ್ಞೆ ತಪ್ಪುವುದು ಕಂಡರೆ ಯಾರನ್ನೂ ಕೇಳುತ್ತಾ ಕೂರಬೇಡಿ, ನೇರವಾಗಿ ತುರ್ತು ವಿಭಾಗಕ್ಕೆ ಬನ್ನಿ.

ಬರುವಾಗ ಆ ಎರಡೂ ಮಾತ್ರೆಗಳ ಸ್ಟ್ರಿಪ್, ಅವ್ವ ಮಾಡಿಟ್ಟ ಪುಡಿ ಉಳಿದಿದ್ದರೆ ಅದನ್ನೂ ತನ್ನಿ. ಎಷ್ಟು ದಿನ, ದಿನಕ್ಕೆ ಎಷ್ಟು ಮಾತ್ರೆ ಬೆರೆಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮೊದಲ ರಕ್ತ ಪರೀಕ್ಷೆಯನ್ನು ಅದನ್ನು ನೋಡಿಯೇ ಬರೆಯಬೇಕಾಗುತ್ತದೆ.